ರೋಹಿಣಿ ಮಳೆ ಬಾರದ ಊರಿನಲ್ಲಿ ಬೆಂಡೆ

ಮೊದಲ ವರ್ಷ 12 ಬೆಂಡೆ ಸಸಿ ನೆಟ್ಟಿದ್ದೆ. ಎಂಟು ಸತ್ತವು. ಒಂದೇ ದಿನದಲ್ಲಿ ಹೋಗಿದ್ದರೆ ಹುಳವೋ ರೋಗವೋ ಅಂದುಕೊಂಡು ಸುಮ್ಮನಾಗಬಹುದಿತ್ತು. ಅವು ಮೂರು ವಾರ ನೆಟ್ಟ ಹಾಗೇ ನಿಂತಿದ್ದವು. ಒಂದು ಚಿಗುರಿಲ್ಲ, ಒಂದು ಇಂಚು ಎತ್ತರವಿಲ್ಲ. ಕೆಳಗಿನ ಎಲೆ ಹಳದಿಯಾಗಿ ಉದುರಿತು, ಆಮೇಲೆ ಅದರ ಮೇಲಿನದು, ಕೊನೆಗೆ ಊದುಬತ್ತಿ ಕಡ್ಡಿಯಂಥ ಕಾಂಡ ಮಾತ್ರ ಉಳಿಯಿತು. ಪಕ್ಕದ ಸಾಲಿನಲ್ಲಿ ಬಟಾಣಿ ಬಳ್ಳಿ, ಪಾಲಕ್ ಸೊಂಪಾಗಿ ನಗುತ್ತಿದ್ದವು.

ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವಳು ಕನ್ನಡಕ ಹುಡುಕಿ ಹಾಕಿಕೊಂಡು, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಬೆಂಡೆಗೆ ಯಾರಾದ್ರೂ ಸಸಿ ಮಾಡ್ತಾರಾ ಮಾರಾಯ್ತಿ? ಸಸಿಮಡಿ ಮಾಡೋದು ಬದನೆಗೆ, ಮೆಣಸಿಗೆ. ಬೆಂಡೆ ಊರೋದು. ಊರಿದ ಜಾಗದಿಂದ ಅದನ್ನ ಅಲ್ಲಾಡಿಸ್ಬಾರ್ದು" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ರೋಹಿಣಿ ಬರೋಕೆ ಮುಂಚೆ ಯಾಕೆ ಮಣ್ಣಿಗೆ ಹಾಕ್ದೆ?" ಎಂದು ಕೇಳಿದಳು. ಸಿಯಾಟಲ್ ಕಡೆಯ ನೆಲಕ್ಕೂ ರೋಹಿಣಿ ಮಳೆಗೂ ಎಲ್ಲಿಯ ಸಂಬಂಧ ಅಂತ ಆ ಹೊತ್ತಿಗೆ ನನಗೆ ಅನಿಸಿತು. ಆ ಎರಡು ಮಾತುಗಳಲ್ಲೇ ನನಗೆ ಬೇಕಾದ ಪಾಠ ಪೂರ್ತಿ ಇತ್ತು ಎಂದು ತಿಳಿಯಲು ಮೂರು ಬೇಸಿಗೆ ಬೇಕಾದವು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಹತ್ತಿರ. ಈಗ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲಿನಿಂದ ಉತ್ತರಕ್ಕೆ ಅರ್ಧ ಗಂಟೆ ದಾರಿಯ ಬಾತೆಲ್‌ನಲ್ಲಿ. ಎರಡೂ ಕಡೆ ಪಡುವಣಕ್ಕೆ ಕಡಲು, ಹತ್ತಿರದಲ್ಲೇ ಬೆಟ್ಟಸಾಲು, ಎಲ್ಲಿ ನೋಡಿದರೂ ಹಸಿರು, ಪಾಚಿ, ಜೌಗು. ಬಂದ ಹೊಸತರಲ್ಲಿ ಇದು ನಮ್ಮ ಮಲೆನಾಡೇ ಅನಿಸಿತ್ತು. ಆದರೆ ಮಳೆಯ ಲೆಕ್ಕ ಪೂರಾ ತಿರುವುಮುರುವು. ನಮ್ಮಲ್ಲಿ ನೆಲ ಎರಡು ತಿಂಗಳು ಕಾದು ಬಿಸಿಯಾದ ಮೇಲೆ ಮಳೆ ಬೀಳುತ್ತದೆ, ಕಾವೂ ನೀರೂ ಬೀಜಕ್ಕೆ ಒಟ್ಟಿಗೆ ಸಿಗುತ್ತವೆ. ಇಲ್ಲಿ ಅಕ್ಟೋಬರಿನಿಂದ ಮೇ ತನಕ ಜಿಟಿಜಿಟಿ ಮಳೆ, ಜೊತೆಗೆ ಚಳಿ. ಜುಲೈನಲ್ಲಿ ಬಿಸಿಲು ಬರುವಾಗ ಮಳೆ ಹೊರಟುಹೋಗಿರುತ್ತದೆ. ವರ್ಷದ ಅತಿ ಬಿಸಿ ದಿನಗಳಲ್ಲೂ ಮಧ್ಯಾಹ್ನ ಸರಾಸರಿ 26 ಡಿಗ್ರಿ ಸೆಲ್ಸಿಯಸ್, ರಾತ್ರಿ 14ರ ಆಸುಪಾಸು. ಕ್ಯಾಸ್ಕೇಡ್ ಬೆಟ್ಟಸಾಲು ದಾಟಿ ಯಾಕಿಮಾ ಕಣಿವೆಗೆ ಹೋದರೆ ಬೇಸಿಗೆ ನಿಜವಾದ ಬೇಸಿಗೆಯಾಗಿರುತ್ತದೆ, ಅಲ್ಲಿ ಬೆಂಡೆಗೆ ಇಷ್ಟು ಉಪಚಾರ ಬೇಡ. ಈ ಕಡೆ ಅದು ಹೊರಗಿನವಳು.

ಹಾಗಿದ್ದರೆ ಅಂಗಡಿಯಿಂದ ತರಬಹುದಲ್ಲ ಅಂತ ಇವರು ಎಷ್ಟೋ ಸಲ ಹೇಳಿದರು. ಇಂಡಿಯನ್ ಅಂಗಡಿಗಳಲ್ಲಿ ಬೆಂಡೆ ವರ್ಷವಿಡೀ ಸಿಗುತ್ತದೆ, ಮೆಕ್ಸಿಕೊ, ಹೊಂಡುರಾಸ್ ಕಡೆಯಿಂದ ಬರುವಂಥದ್ದು. ಆದರೆ ಬೆಂಡೆಕಾಯಿಗೆ 7 ಡಿಗ್ರಿಗಿಂತ ಕೆಳಗಿನ ಥಂಡಿ ತಾಗಿದರೆ ಸಿಪ್ಪೆಯ ಮೇಲೆ ಕಪ್ಪು ಕಲೆ ಏಳುತ್ತದೆ, ಏಣು ಕಂದಿಹೋಗುತ್ತದೆ. ಅಷ್ಟು ದೂರದಿಂದ ಬಂದದ್ದು ನಮ್ಮ ಕೈಗೆ ಸಿಗುವಾಗ ಹೀಗೇ ಇರುತ್ತಿತ್ತು. ಹತ್ತು ಆರಿಸಿದರೆ ನಾಲ್ಕು ಬಲಿತದ್ದು. ತುದಿ ಮುರಿದರೆ 'ಟಕ್' ಅನ್ನುವುದಿಲ್ಲ, ಬಳುಕುತ್ತದೆ. ಹಿತ್ತಲಿಗೆ ಹೋಗಿ ಸೆರಗು ತುಂಬ ಕಿತ್ತು ತಂದು, ಅರ್ಧ ಗಂಟೆಯಲ್ಲಿ ಅದು ಕಾಯಿರಸವಾಗುವುದನ್ನು ನೋಡಿ ಬೆಳೆದವಳಿಗೆ ಅದು ಬೆಂಡೆ ಅಂತಲೇ ಅನಿಸುವುದಿಲ್ಲ.

ಆ ಮೊದಲ ವರ್ಷ 2021. ಏಪ್ರಿಲ್ ಮೊದಲ ವಾರವೇ ಪ್ಲಾಸ್ಟಿಕ್ ಟ್ರೇಯ ಚಿಕ್ಕ ಗುಳಿಗಳಲ್ಲಿ ಬೀಜ ಹಾಕಿದ್ದೆ, ಟೊಮೆಟೊಗೆ ಹಾಕುವ ಹಾಗೇ. ಮೇ 10ರ ಹೊತ್ತಿಗೆ ಸಸಿಗಳು ಒಂದು ಗೇಣು ಎತ್ತರವಾಗಿದ್ದವು. ಟ್ರೇ ಬೋರಲು ಹಾಕಿ ತಟ್ಟಿದಾಗ ಬೇರು ಗುಳಿಯ ಆಕಾರದಲ್ಲೇ ಸುತ್ತಿಕೊಂಡು ಗಟ್ಟಿ ಉಂಡೆಯಾಗಿತ್ತು. ಟೊಮೆಟೊಗೆ ಮಾಡುವಂತೆ ಬೆರಳಿನಿಂದ ಅದನ್ನು ಬಿಡಿಸಿ, ಸಡಿಲ ಮಾಡಿ ನೆಟ್ಟೆ. ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡು ಮಾಡಿದ ಕೆಲಸ ಅದು. ಟೊಮೆಟೊ ಕಾಂಡದಿಂದಲೂ ಬೇರು ಬಿಡುವ ಜಾತಿ, ಏನು ಮಾಡಿದರೂ ಸುಧಾರಿಸಿಕೊಳ್ಳುತ್ತದೆ. ಬೆಂಡೆ ದಾಸವಾಳ, ಹತ್ತಿಗಳ ಬಳಗದ್ದು. ಮೊಳೆತ ಕೂಡಲೇ ಒಂದು ತಾಯಿಬೇರನ್ನು ನೇರ ಕೆಳಗೆ ಇಳಿಸುತ್ತದೆ. ಅದು ಮುರಿದರೆ ಮತ್ತೆ ಮೊದಲಿನಿಂದ ಕಟ್ಟಿಕೊಳ್ಳಬೇಕು. ಅದಕ್ಕೆ ಬಿಸಿ ಮಣ್ಣು ಬೇಕು, ನಮ್ಮ ಮೇ ತಿಂಗಳ ಮಣ್ಣು ಫ್ರಿಜ್ಜಿನಿಂದ ತೆಗೆದ ಹಿಟ್ಟಿನಂತಿತ್ತು.

ಉಳಿದ ನಾಲ್ಕು ಗಿಡಗಳನ್ನು ಕಿತ್ತುಹಾಕಲು ಮನಸ್ಸು ಬರದೆ ಬಿಟ್ಟಿದ್ದೆ. ಆ ವರ್ಷ ಜೂನ್ ಕೊನೆಯಲ್ಲಿ ಇಲ್ಲಿ ಯಾರೂ ಕಂಡಿರದ ಸೆಕೆ ಬಂತು. ಸಿಯಾಟಲ್ ವಿಮಾನ ನಿಲ್ದಾಣದಲ್ಲಿ ಜೂನ್ 26ರಿಂದ 28ರವರೆಗೆ ಮೂರು ದಿನವೂ 38 ಡಿಗ್ರಿ ದಾಟಿತು, 28ನೇ ತಾರೀಕು 42. ಆಗ ಇಲ್ಲಿನ ಎಷ್ಟೋ ಮನೆಗಳಲ್ಲಿ ಎಸಿ ಇರಲಿಲ್ಲ. ಈ ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನ ಆ ಬಿಸಿಗೆ ತೀರಿಕೊಂಡರು, ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ನಾವು ಕಿಟಕಿಗೆ ಒದ್ದೆ ಬೆಡ್‌ಶೀಟ್ ಕಟ್ಟಿ ಮಗುವನ್ನು ಕೆಳಗಿನ ಮಹಡಿಯಲ್ಲಿ ಮಲಗಿಸಿದ್ದೆವು. ಸಂಜೆ ನಾಲ್ಕಕ್ಕೆ ಗಿಡಗಳಿಗೆ ನೀರಿಡಲು ಹೋದರೆ ಬಟಾಣಿ ಸುಟ್ಟು ಕಾಗದವಾಗಿತ್ತು, ಟೊಮೆಟೊ ತಲೆ ಬಗ್ಗಿಸಿತ್ತು. ಆ ನಾಲ್ಕು ಬೆಂಡೆ ಕಡ್ಡಿಗಳ ತುದಿಯಲ್ಲಿ ಮಾತ್ರ ಹೊಸ ಎಲೆ, ಅಂಗೈಯಂತೆ ಅಗಲಕ್ಕೆ ಬಿಚ್ಚಿಕೊಂಡು ನಿಂತಿತ್ತು. ಮುಂದಿನ ಎರಡು ವಾರದಲ್ಲಿ ಅವು ಹಿಂದಿನ ಏಳು ವಾರಕ್ಕಿಂತ ಹೆಚ್ಚು ಬೆಳೆದವು. ಆ ಬೇಸಿಗೆಯಲ್ಲಿ ಒಟ್ಟು 23 ಕಾಯಿ ಸಿಕ್ಕವು.

ಆ ಮೂರು ದಿನಗಳಲ್ಲಿ ನಾನು ಗಮನಿಸಿದ ಇನ್ನೊಂದು ಸಂಗತಿ ರಾತ್ರಿಯದು. ಹಗಲಿನ 42 ಎಲ್ಲರ ಬಾಯಲ್ಲೂ ಇತ್ತು, ಆದರೆ ಆ ರಾತ್ರಿಗಳಲ್ಲೂ ಬಿಸಿ 20ರ ಕೆಳಗೆ ಇಳಿಯಲಿಲ್ಲ. ನೆಲ ಆರಲೇ ಇಲ್ಲ. ನಮ್ಮೂರಿನಲ್ಲಿ ಆಷಾಢದ ಜಡಿಮಳೆಯಲ್ಲಿ ಹಗಲು ಬಿಸಿಲೇ ಇರುವುದಿಲ್ಲ, ಇಲ್ಲಿಯ ಜುಲೈ ಮಧ್ಯಾಹ್ನಕ್ಕಿಂತ ಅದೇನೂ ಬಿಸಿಯಲ್ಲ. ಆದರೂ ಬೆಂಡೆ ಬೆಳೆಯುತ್ತದೆ, ಯಾಕೆಂದರೆ ರಾತ್ರಿ ಅಷ್ಟೊಂದು ತಣ್ಣಗಾಗುವುದಿಲ್ಲ, ಮಣ್ಣಿನೊಳಗೆ ಬೇಸಿಗೆಯ ಕಾವು ಇನ್ನೂ ಇರುತ್ತದೆ. ಬೆಂಡೆಗೆ ಬೇಕಿರುವುದು ತಲೆಯ ಮೇಲಿನ ಬಿಸಿಲು ಮಾತ್ರವಲ್ಲ, ಕಾಲಡಿಯ ಬಿಸಿ. ಇದು ಮನಸ್ಸಿಗೆ ಹೊಳೆದರೂ ಮರುವರ್ಷ ನಾನು ಅರ್ಧ ಮಾತ್ರ ಪಾಲಿಸಿದೆ.

2022ರಲ್ಲಿ ಬೇರಿನ ತಪ್ಪನ್ನು ತಿದ್ದಿಕೊಂಡೆ, ಟ್ರೇ ಬಿಟ್ಟು ಆಳದ ಕಾಗದದ ಕಪ್ಪುಗಳಲ್ಲಿ ಬೀಜ ಹಾಕಿದೆ. ದಿನಾಂಕದ ತಪ್ಪನ್ನು ಹಾಗೇ ಉಳಿಸಿಕೊಂಡೆ. ಮತ್ತೆ ಮೇ ಎರಡನೇ ವಾರ ನೆಟ್ಟೆ. ಆ ವಸಂತ ತುಂಬಾ ತಣ್ಣಗಿತ್ತು, ಜೂನ್ ಅರ್ಧ ಕಳೆದರೂ ಮೋಡ, ಮಳೆ. ಬೇರು ಮುರಿಯದ ಗಿಡಗಳೂ ನಿಂತಲ್ಲೇ ನಿಂತವು. ಬೆಳೆಯದೆ ನಿಂತ ಗಿಡ ಅಂದರೆ ಇಲ್ಲಿನ ಚಿಪ್ಪಿಲ್ಲದ ಬಸವನಹುಳುಗಳಿಗೆ ಹಬ್ಬದೂಟ. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಹೋದರೆ ಒಂದು ಸಸಿಗೆ ಮೂರು ಅಂಟಿಕೊಂಡಿರುತ್ತಿದ್ದವು. ಬೆಳಗ್ಗೆ ಎಲೆಯ ಜಾಗದಲ್ಲಿ ಬೆಳ್ಳಿಗೆರೆ ಮಾತ್ರ. ಜೂನ್ ಮೊದಲ ವಾರಕ್ಕೆ ಒಂದೂ ಉಳಿಯಲಿಲ್ಲ.

ಬೇಲಿಯಾಚೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಅಮೆರಿಕದ ದಕ್ಷಿಣದ ಲೂಸಿಯಾನ ರಾಜ್ಯದವರು, ಕಪ್ಪು ಜನಾಂಗದ ಹಿರಿಯ ಜೀವ. ನನ್ನ ಖಾಲಿ ಮಡಿ ನೋಡಿ ಏನು ನೆಟ್ಟಿದ್ದೆ ಎಂದು ಕೇಳಿದರು. ಬೆಂಡೆ ಅಂದ ಕೂಡಲೇ ಬೇಲಿಗೆ ಕೈಯೂರಿ ನಿಂತುಬಿಟ್ಟರು. ಅವರ ಅಜ್ಜಿಯ ಕಾಲದಿಂದ ಹಿತ್ತಲಲ್ಲಿ ಬೆಂಡೆ ಇಲ್ಲದ ವರ್ಷವೇ ಇರಲಿಲ್ಲವಂತೆ. ಬೆಂಡೆಯ ಮೂಲ ಆಫ್ರಿಕ ಎಂದು ಹಲವರು ಹೇಳುತ್ತಾರೆ. ಗುಲಾಮರಾಗಿ ಹಡಗಿನಲ್ಲಿ ಬಂದ ಜನರ ಜೊತೆ ಅದು ಈ ದೇಶಕ್ಕೆ ಬಂತು. ಲೂಸಿಯಾನದ ಗಂಬೊ ಎಂಬ ಗಟ್ಟಿ ಸಾರಿನ ಹೆಸರು ಕೂಡ ಬೆಂಡೆಗೆ ಆಫ್ರಿಕದ ಬಾಂಟು ಭಾಷೆಗಳಲ್ಲಿರುವ ಹೆಸರಿನಿಂದಲೇ ಬಂದದ್ದು. ಅವರು ನನಗೆ ಹೇಳಿದ್ದು ಇಷ್ಟೇ: ಬೆಳಗ್ಗೆ ಎದ್ದು ಮಣ್ಣಿನ ಮೇಲೆ ಬರಿಗಾಲಲ್ಲಿ ನಿಲ್ಲು. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು ಅನಿಸಿದರೆ ಬೆಂಡೆಗೂ ಹಾಗೇ ಅನಿಸುತ್ತದೆ, ಇನ್ನೂ ಸ್ವಲ್ಪ ದಿನ ಕಾಯಬೇಕು. ಆಮೇಲೆ ಒಳಗೆ ಹೋಗಿ ಒಂದು ಪೊಟ್ಟಣ ಬೀಜ ತಂದುಕೊಟ್ಟರು, ಕ್ಲೆಮ್ಸನ್ ಸ್ಪೈನ್‌ಲೆಸ್. 1939ರಲ್ಲಿ ಅಮೆರಿಕದ ಬೀಜ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ತಳಿ, ಇಂದಿಗೂ ಇಲ್ಲಿನವರ ಮನೆಮಾತು.

ಆ ಬೀಜವನ್ನು ಜೂನ್ ಮಧ್ಯದಲ್ಲಿ ಒಳಗೆ ಮೊಳೆಸಿ ಜುಲೈ ಮೊದಲ ವಾರ ನೆಟ್ಟೆ. ತೀರಾ ತಡ. ಆಗಸ್ಟ್ ಕೊನೆಗೆ ಮೊದಲ ಕಾಯಿ. ಆದರೆ ಆ ಶರತ್ಕಾಲ ನಮ್ಮ ಕೈ ಹಿಡಿಯಿತು. ಅಕ್ಟೋಬರ್ 16ರಂದು ಸಿಯಾಟಲಿನಲ್ಲಿ 31 ಡಿಗ್ರಿ, ಆ ಹೊತ್ತಿಗೆ ಬೆಟ್ಟದ ಕಾಡ್ಗಿಚ್ಚಿನ ಹೊಗೆ ಕಣ್ಣು ಉರಿಸುತ್ತಿತ್ತು. ಮಾಸ್ಕ್ ಹಾಕಿಕೊಂಡು ಬೆಂಡೆಕಾಯಿ ಕೊಯ್ದೆ. ಹಾಗೆ ಸಿಕ್ಕ ಹುಮ್ಮಸ್ಸಿನಿಂದಲೇ 2023ಕ್ಕೆ ಸರಿಯಾಗಿ ತಯಾರಾದದ್ದು. ಆ ವರ್ಷ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಂಪು ಊರುಗಳಲ್ಲಿ ಕೂತು ಬೆಂಡೆಯ ಆಸೆಪಡುವ ನಮ್ಮವರು ಬೇಕಾದಷ್ಟು ಜನ ಇದ್ದಾರೆ.

ಬೀಜದ ವಿಷಯ ಮೊದಲು. ಅಮ್ಮ ಹಾಲುಬೆಂಡೆ ಬೀಜ ಕಳಿಸುತ್ತೇನೆಂದು ಹಠ ಹಿಡಿದಿದ್ದಳು. ಅಡುಗೆಮನೆಯ ಅಟ್ಟದಲ್ಲಿ ಹೊಗೆ ತಾಗುವಂತೆ ಒಣಗಿದ ಕೋಡುಗಳನ್ನು ಗೊಂಚಲು ಕಟ್ಟಿ ತೂಗುಹಾಕಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಬೇಡ ಅಂದೆ. ಇಲ್ಲಿಗೆ ಹೊರದೇಶದ ಬೀಜ ತರಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಯೊಳಗೆ ತರುವ ವಸ್ತುವಲ್ಲ ಅದು. ಇನ್ನೊಂದು ಕಾರಣವೂ ಇದೆ. ಜೂನ್ 21ರ ಸುಮಾರಿಗೆ ಇಲ್ಲಿ ಹಗಲು 16 ಗಂಟೆ, ರಾತ್ರಿ ಒಂಬತ್ತಕ್ಕೂ ಬೆಳಕು. ಹಗಲು ಉದ್ದವಾದರೆ ಹೂ ಬಿಡಲು ತಡಮಾಡುವ ಗುಣ ನಮ್ಮ ಬಿಸಿನಾಡಿನ ಎಷ್ಟೋ ಬೆಂಡೆ ತಳಿಗಳಿಗಿದೆ. ಊರಿನಲ್ಲಿ ಬೆಂಡೆಯ ಶತ್ರು ಹಳದಿ ನಂಜುರೋಗ, ಬಿಳಿನೊಣ ಹರಡುವಂಥದ್ದು. ಅದನ್ನು ತಡೆಯಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅನಾಮಿಕಾ ತಳಿ ಕೊಟ್ಟಿತು, ಅಪ್ಪ ಅದನ್ನು ಬೆಳೆದು ಬಹಳ ಮೆಚ್ಚಿಕೊಂಡಿದ್ದರು. ಇಲ್ಲಿ ದೊಡ್ಡ ಶತ್ರು ಚಳಿ. ಹಾಗಾಗಿ ಅಜ್ಜಿ ಕೊಟ್ಟ ತಳಿಯನ್ನೇ ಇಟ್ಟುಕೊಂಡೆ.

ಮೇ 8ರ ರಾತ್ರಿ 30 ಬೀಜ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆ. ಬೆಂಡೆ ಬೀಜದ ಸಿಪ್ಪೆ ಗಟ್ಟಿ, ನೆನೆಸದಿದ್ದರೆ ಕೆಲವು ಎರಡು ವಾರವಾದರೂ ಬಾಯಿ ಬಿಡುವುದಿಲ್ಲ. ಅಡುಗೆಮನೆಯ ಪೇಪರ್ ಟವೆಲಿನ ರಟ್ಟಿನ ಕೊಳವೆಗಳನ್ನು ಚಳಿಗಾಲವಿಡೀ ಕೂಡಿಟ್ಟಿದ್ದೆ. ಒಂದನ್ನು ಎರಡು ತುಂಡು ಮಾಡಿದರೆ 14 ಸೆಂಟಿಮೀಟರ್ ಉದ್ದದ ಎರಡು ಕುಂಡ. ಹಳೆಯ ಐಸ್‌ಕ್ರೀಮ್ ಡಬ್ಬದಲ್ಲಿ ಅವನ್ನು ಒತ್ತೊತ್ತಾಗಿ ನಿಲ್ಲಿಸಿ, ಸಡಿಲ ಮಣ್ಣು ತುಂಬಿ, ಒಂದೊಂದಕ್ಕೆ ಎರಡು ಬೀಜ, ಒಂದೂವರೆ ಸೆಂಟಿಮೀಟರ್ ಆಳಕ್ಕೆ. ಅಡಿಯಲ್ಲಿ ಸಸಿಗೆಂದೇ ಸಿಗುವ ಹೀಟ್ ಮ್ಯಾಟ್. ಮಣ್ಣು 29 ಡಿಗ್ರಿ. ನಾಲ್ಕನೇ ದಿನ ಬೆಳಗ್ಗೆ ಕಾಫಿ ಲೋಟ ಹಿಡಿದು ನೋಡಿದರೆ ಬಿಳಿ ಕತ್ತುಗಳು ಕೊಕ್ಕೆಯಂತೆ ಬಾಗಿ ಮಣ್ಣನ್ನು ಎತ್ತುತ್ತಿದ್ದವು.

ಎರಡೂ ಮೊಳೆತಲ್ಲಿ ಬಡಕಲನ್ನು ಕೀಳಲಿಲ್ಲ, ಕತ್ತರಿಯಿಂದ ಬುಡದಲ್ಲಿ ಕತ್ತರಿಸಿದೆ. ಕಿತ್ತರೆ ಉಳಿದದ್ದರ ಬೇರೂ ಅಲ್ಲಾಡುತ್ತದೆ. ರಟ್ಟಿನ ಮೇಲೆ ಬಿಳಿ ಬೂಷ್ಟು ಬಂತು, ಮೊದಲ ಸಲ ನೋಡಿದಾಗ ಹೆದರಿದೆ, ಅದರಿಂದ ಸಸಿಗೆ ಏನೂ ಆಗಲಿಲ್ಲ. ಕಿಟಕಿ ಬೆಳಕು ಸಾಲದೆಂದು ಮೇಲೆ ಒಂದು ಎಲ್‌ಇಡಿ ಕೊಳವೆ ದೀಪ, ದಿನಕ್ಕೆ 14 ಗಂಟೆ.

ಇತ್ತ ಹೊರಗೆ ಮಣ್ಣಿಗೂ ಕಾವು ಕೊಡಬೇಕಿತ್ತು. ನಮ್ಮ ಮನೆಯ ದಕ್ಷಿಣ ಗೋಡೆ ಬೆಳಗ್ಗೆ ಹತ್ತರಿಂದ ಸಂಜೆ ಆರರ ತನಕ ಬಿಸಿಲು ಹೀರುತ್ತದೆ, ರಾತ್ರಿ ಅದನ್ನು ನಿಧಾನ ಬಿಟ್ಟುಕೊಡುತ್ತದೆ. ಗೋಡೆಗೆ ಎರಡು ಅಡಿ ಬಿಟ್ಟು, ಒಂದಡಿ ಎತ್ತರದ ಮಡಿ ಮಾಡಿದ್ದೆವು. ಎತ್ತರದ ಮಡಿ ನೀರು ಬೇಗ ಬಸಿದು ಬೇಗ ಬೆಚ್ಚಗಾಗುತ್ತದೆ. ಇಲ್ಲಿನ ಮಣ್ಣು ವರ್ಷಗಟ್ಟಲೆ ಮಳೆಗೆ ತೊಳೆದು ಹುಳಿಯಾಗಿರುತ್ತದೆ, ಹಾಗಾಗಿ ಹಿಂದಿನ ಶರತ್ಕಾಲದಲ್ಲೇ ಸುಣ್ಣ ಬೆರೆಸಿದ್ದೆ. ಮೇ 10ಕ್ಕೆ ಕಾಂಪೋಸ್ಟ್ ಹಾಕಿ, ನೀರುಣಿಸಿ, ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಹಾಳೆ ಮಣ್ಣಿಗೆ ಅಂಟಿಕೊಂಡಿರಬೇಕು, ನಡುವೆ ಗಾಳಿ ಇದ್ದರೆ ಬಿಸಿಯಾಗುವುದು ಹಾಳೆ ಮಾತ್ರ. ಸುತ್ತ ಅಂಚನ್ನು ಮಣ್ಣಿನಲ್ಲಿ ಹೂತು, ಚಾಪೆಯ ಹಾಗೆ ಬಿಗಿಯಾಗಿ ಎಳೆದು ಕಲ್ಲಿಟ್ಟೆ.

ಆ ಮೇ ಮಧ್ಯದಲ್ಲಿ ಅಕಾಲದ ಬಿಸಿಲು ಬಂತು. ಎಲ್ಲರೂ ಶಾರ್ಟ್ಸ್ ಹಾಕಿಕೊಂಡು ಓಡಾಡುವಾಗ ನೆಟ್ಟುಬಿಡೋಣ ಅಂತ ನನ್ನ ಕೈ ತುರಿಸಿತು. ಆದರೆ ಆ ಬಿಸಿಲನ್ನು ನಂಬಲಿಲ್ಲ. ಅಡುಗೆಯ ಥರ್ಮಾಮೀಟರನ್ನು ಮಣ್ಣಿಗೆಂದೇ ಎತ್ತಿಟ್ಟುಕೊಂಡಿದ್ದೆ. ದಿನಾ ಬೆಳಗ್ಗೆ ಎಂಟಕ್ಕೆ ನಾಲ್ಕು ಬೆರಳು ಆಳಕ್ಕೆ ಚುಚ್ಚಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಮಧ್ಯಾಹ್ನದ ಅಳತೆಗೆ ಬೆಲೆಯಿಲ್ಲ, ರಾತ್ರಿ ಕಳೆದ ಮೇಲೆ ಮಣ್ಣಿನಲ್ಲಿ ಎಷ್ಟು ಉಳಿದಿದೆ ಅನ್ನುವುದೇ ಲೆಕ್ಕ. ಮೇ 20ಕ್ಕೆ 16. ಜೂನ್ 6ಕ್ಕೆ ಹಾಳೆಯಡಿ 19, ಅದೇ ದಿನ ಹಾಳೆ ಇಲ್ಲದ ಪಕ್ಕದ ಮಡಿಯಲ್ಲಿ 15. ಬೆಂಡೆಗೆ ಕನಿಷ್ಠ 18 ಬೇಕು. ಅಷ್ಟರಲ್ಲಿ ಸಸಿಗಳನ್ನು ಹೊರಗಿನ ಗಾಳಿಗೆ ರೂಢಿ ಮಾಡಿಸುತ್ತಿದ್ದೆ. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಮರುದಿನ ಎರಡು, ವಾರದ ಕೊನೆಗೆ ಪೂರಾ ಹಗಲು. ರಾತ್ರಿ ಮಾತ್ರ ಮನೆಯೊಳಗೆ.

ಜೂನ್ 8, ಸಂಜೆ ಆರೂವರೆ, ತೆಳು ಮೋಡ. ಹಾಳೆಯಲ್ಲಿ ಒಂದೂವರೆ ಅಡಿಗೊಂದು ಅಡ್ಡ ಸೀಳು ಹಾಕಿ ಗುಂಡಿ ತೋಡಿದೆ. ಕೊಳವೆಯನ್ನು ಎತ್ತಿದರೆ ತಳದಲ್ಲಿ ತಾಯಿಬೇರಿನ ಬಿಳಿ ತುದಿ ಆಗಷ್ಟೇ ಇಣುಕಿತ್ತು, ಅಕ್ಕಿಕಾಳಿನಷ್ಟು. ಇನ್ನೆರಡು ದಿನ ಬಿಟ್ಟಿದ್ದರೆ ಡಬ್ಬದ ತಳ ತಾಗಿ ಬಾಗುತ್ತಿತ್ತು. ರಟ್ಟು ಒದ್ದೆಯಾಗಿ ಮೆತ್ತಗಾಗಿತ್ತು. ಅದನ್ನು ಬಿಚ್ಚಲಿಲ್ಲ, ಉದ್ದಕ್ಕೆ ಒಂದು ಕಡೆ ಉಗುರಿನಿಂದ ಸೀಳಿದೆ, ಮಣ್ಣು ಒಂದು ಹರಳೂ ಉದುರದಂತೆ ಎರಡು ಕೈಯಲ್ಲಿ ಹಿಡಿದು ಗುಂಡಿಗೆ ಇಳಿಸಿದೆ. ನೆಲದ ಮೇಲೆ ಉಳಿದ ರಟ್ಟಿನ ಅಂಚನ್ನು ಹರಿದು ತೆಗೆದೆ, ಬಿಟ್ಟರೆ ಅದು ದೀಪದ ಬತ್ತಿಯಂತೆ ಒಳಗಿನ ತೇವವನ್ನು ಮೇಲಕ್ಕೆಳೆದು ಗಾಳಿಗೆ ಕೊಡುತ್ತದೆ. ಇಲ್ಲಿನ ನಲ್ಲಿ ನೀರು ಜೂನಿನಲ್ಲೂ ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ, ಹಾಗಾಗಿ ಬೆಳಗ್ಗೆಯೇ ಕೊಡಗಳಲ್ಲಿ ತುಂಬಿ ಬಿಸಿಲಿಗೆ ಇಟ್ಟಿದ್ದ ನೀರನ್ನು ಹನಿಸಿದೆ. ಹದಿನಾಲ್ಕು ಸಸಿ. ಒಂದರ ಬೇರೂ ನನ್ನ ಬೆರಳಿಗೆ ತಾಗಲಿಲ್ಲ.

ಅಂದು ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಊರಿನಲ್ಲಿ 9ರ ಬೆಳಗು. "ರೋಹಿಣಿ ನಿನ್ನೆಗೆ ಮುಗೀತು, ಮೃಗಶಿರ ಹುಟ್ತು. ಮಳೆ ಇನ್ನೂ ಇಲ್ಲ" ಅಂದಳು. ಅವಳೂ ಆ ವಾರವೇ ಹಿತ್ತಲಲ್ಲಿ ಬೆಂಡೆ, ಸೌತೆ, ಹೀರೆ ಬೀಜ ಊರಿ ಮಳೆಗೆ ಕಾಯುತ್ತಿದ್ದಳು. ನಾನು ಥರ್ಮಾಮೀಟರ್ ಹಿಡಿದು ಒಂದು ತಿಂಗಳು ಕಾದು ಮುಟ್ಟಿದ ದಿನ ಅವಳ ಪಂಚಾಂಗದಲ್ಲಿ ಮೊದಲೇ ಬರೆದಿತ್ತು. ಕಾರಣ ಬೇರೆ, ದಿನ ಒಂದೇ. ಅವಳಿಗೆ ಹೇಳಿದೆ. ಅವಳಿಗೇನೂ ಆಶ್ಚರ್ಯವಾಗಲಿಲ್ಲ.

ನೆಟ್ಟ ಮೇಲೆ ತಂತಿಯ ಕಮಾನುಗಳ ಮೇಲೆ ತೆಳು ಬಿಳಿಬಟ್ಟೆ ಹೊದಿಸಿದೆ. ಗಾಳಿ, ಬೆಳಕು, ನೀರು ಎಲ್ಲ ಹಾಯುವ, ಇಲ್ಲಿನ ತೋಟಗಾರರು ಚಳಿಗೆ ಬಳಸುವ ಬಟ್ಟೆ. ರಾತ್ರಿ ಎರಡು ಮೂರು ಡಿಗ್ರಿ ಉಳಿಸಿಕೊಡುತ್ತದೆ. ಬಸವನಹುಳುಗಳಿಗೆ ಮಡಿಯ ಸುತ್ತ ತಾಮ್ರದ ಪಟ್ಟಿ ಹೊಡೆದಿದ್ದೆ, ಜೊತೆಗೆ ರಾತ್ರಿಯ ಟಾರ್ಚ್ ಸುತ್ತು ಬಿಡಲಿಲ್ಲ. ನನ್ನ ಅನುಭವದಲ್ಲಿ ಟಾರ್ಚೇ ಹೆಚ್ಚು ಕೆಲಸ ಮಾಡಿತು. ಐದನೇ ದಿನಕ್ಕೆ ಹೊಸ ಎಲೆ ಕಂಡಿತು. ಹಿಂದಿನ ಎರಡು ವರ್ಷ ಮೂರು ವಾರ ಕಾದರೂ ಕಾಣದ ಎಲೆ ಅದು. ಬಗ್ಗಿ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ, ಮಗಳು ಬಂದು ಅಮ್ಮಾ ಅನ್ನ ಸೀಯುತ್ತಿದೆ ಅಂದಾಗಲೇ ಎದ್ದದ್ದು.

ಜುಲೈಯ ಕೆಲಸ ಹೆಚ್ಚೇನಿಲ್ಲ. ಎಲೆಯಡಿ ಹೇನು ಕೂತಿತು, ಅದನ್ನು ಸಾಕುವ ಇರುವೆಗಳ ಸಾಲೂ ಬಂತು, ಪೈಪಿನ ನೀರು ರಭಸವಾಗಿ ಬಿಟ್ಟು ತೊಳೆದೆ. ಗೊಬ್ಬರ ಜಾಸ್ತಿ ಕೊಟ್ಟರೆ ಎಲೆಯೇ ಬರುತ್ತದೆಂದು ಅಜ್ಜಿ ಎಚ್ಚರಿಸಿದ್ದರು, ಹಾಗಾಗಿ ಮೊದಲ ಮೊಗ್ಗು ಕಂಡ ಮೇಲೆ ಒಮ್ಮೆ ಮಾತ್ರ ಕಾಂಪೋಸ್ಟ್ ಮೇಲುಗೊಬ್ಬರ.

ಜುಲೈ 24ಕ್ಕೆ ಮೊದಲ ಹೂ. ಬೆಳಗ್ಗೆ ಏಳಕ್ಕೆ ಹೋದಾಗ ಅರ್ಧ ಬಿಚ್ಚಿತ್ತು. ಬೆಣ್ಣೆ ಹಳದಿಯ ಐದು ಎಸಳು, ತೆಳ್ಳಗೆ, ಇಸ್ತ್ರಿ ಹಾಕದ ರೇಷ್ಮೆಯ ಹಾಗೆ ಸಣ್ಣ ಸುಕ್ಕು, ನಡುವೆ ಕುಂಕುಮ ಕದಡಿ ಹೊಯ್ದಂಥ ಕಡುಗೆಂಪು. ದಾಸವಾಳದ ತಂಗಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಮಧ್ಯಾಹ್ನ ಎರಡಕ್ಕೆ ಮುಚ್ಚಿಕೊಂಡಿತು, ಮರುದಿನ ಉದುರಿತು. ಬೆಂಡೆ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಜೇನುಹುಳು ಬಾರದ ಮೋಡದ ದಿನವೂ ಕಾಯಿ ನಿಂತಿತು. ಊರಿನಲ್ಲಿ ಹೂ ಬಿಟ್ಟ ಐದನೇ ದಿನಕ್ಕೆ ಕೊಯ್ಯುವ ಹದ ಬರುತ್ತದೆ, ಇಲ್ಲಿ ಆ ಮೊದಲ ಕಾಯಿಗೆ ಒಂಬತ್ತು ದಿನ ಹಿಡಿಯಿತು. ಆಗಸ್ಟ್ ಬಿಸಿಯಲ್ಲಿ ಆರೇಳು ದಿನಕ್ಕೆ ಇಳಿಯಿತು. ಒಂದು ಮುಖ್ಯ ಮಾತು. ತಂಪಿನಲ್ಲಿ ನಿಧಾನ ಬೆಳೆದ ಕಾಯಿ ಚಿಕ್ಕದಾಗಿದ್ದಾಗಲೇ ನಾರು ಕಟ್ಟುತ್ತದೆ. ಅಂಗಡಿಯ ಅಳತೆಗೆ ಕಾಯಬಾರದು. ತೋರುಬೆರಳಿನಷ್ಟಾದರೆ ಕೊಯ್ದುಬಿಡಬೇಕು. ಎರಡು ದಿನಕ್ಕೊಮ್ಮೆ, ತಪ್ಪದೆ. ಸ್ಪೈನ್‌ಲೆಸ್ ಅಂತ ಹೆಸರಿದ್ದರೂ ಎಲೆಯ ಸುಂಕು ಕೈಗೆ ತಾಗಿದರೆ ತುರಿಕೆ, ತುಂಬುತೋಳಿನ ಅಂಗಿ ಬೇಕೇ ಬೇಕು.

ಆಗಸ್ಟ್ ಎರಡನೇ ವಾರ ಮೊದಲ ಸಲ ಒಂದು ಹೊತ್ತಿನ ಅಡುಗೆಗೆ ಸಾಲುವಷ್ಟು ಒಟ್ಟಿಗೆ ಸಿಕ್ಕಿತು, 26 ಕಾಯಿ. ತುದಿ ಮುರಿದೆ. 'ಟಕ್' ಎಂದಿತು. ತೊಳೆದು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಹೆಚ್ಚಿ, ಬಾಣಲೆಯಲ್ಲಿ ಹುರಿಯುವಾಗ ಸ್ವಲ್ಪ ಹುಣಸೆರಸ ಚಿಮುಕಿಸಿದೆ, ಲೋಳೆ ಕಡಿಯಲು. ಆ ಲೋಳೆ ಕೈಗೆ ಅಂಟಿದಾಗ ಆಲೆಮನೆ ನೆನಪಾಯಿತು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಗೆ ಬೆಂಡೆ ದಂಟು ಜಜ್ಜಿ ಹಿಂಡಿದ ಲೋಳೆ ಹಾಕುತ್ತಿದ್ದರು, ಕೊಳೆಯೆಲ್ಲ ನೊರೆಗೆ ಅಂಟಿ ಮೇಲೆ ಬರುತ್ತಿತ್ತು, ಅದನ್ನು ಜಾಲರಿಯಲ್ಲಿ ತೆಗೆಯುವ ಕೆಲಸ ಅಪ್ಪನದು. ಕಾಯಿ, ಕೊತ್ತಂಬರಿ, ಉದ್ದಿನಬೇಳೆ, ಒಣಮೆಣಸು ಹುರಿದು ರುಬ್ಬಿ ಹಾಕಿದ ಕಾಯಿರಸ ಅಂದು ಮೂವರಿಗೆ ಸಾಲಲಿಲ್ಲ. ಮುಂದಿನ ಕೊಯ್ಲು ಬೇಲಿಯಾಚೆಗೆ ಹೋಯಿತು. ಸಂಜೆ ಅಜ್ಜಿ ಪಾತ್ರೆ ಮುಚ್ಚಿ ತಂದರು, ನನಗೆಂದು ಮಾಂಸ ಹಾಕದೆ ಮಾಡಿದ ಗಂಬೊ. ಅನ್ನಕ್ಕೆ ಕಲಸಿ ತಿಂದೆವು. ಅವರು ಲೋಳೆಯನ್ನು ಕಡಿಯುವುದಿಲ್ಲ, ಅದರಿಂದಲೇ ಸಾರಿಗೆ ಮೈ ಕೊಡುತ್ತಾರೆ.

ಸೆಪ್ಟೆಂಬರ್ ಮೂರನೇ ವಾರಕ್ಕೆ ರಾತ್ರಿ 10ರ ಕೆಳಗೆ ಇಳಿಯಿತು. ಮೊಗ್ಗುಗಳು ಬಿಚ್ಚದೆ ಉದುರತೊಡಗಿದವು. ಅಲ್ಲಿಗೆ ಎಣಿಸಿದರೆ 14 ಗಿಡದಿಂದ 171 ಕಾಯಿ, ಎರಡು ಕಿಲೋಗೆ ಸ್ವಲ್ಪ ಹೆಚ್ಚು. ಊರಿನಲ್ಲಿ ಇದನ್ನು ಬೆಳೆ ಅನ್ನುವುದಿಲ್ಲ. ಇಲ್ಲಿ ಪ್ರತಿಯೊಂದೂ ನನಗೆ ನೆನಪಿದೆ.

ಎರಡು ಗಿಡಗಳ ಬುಡದ ಒಂದೊಂದು ಕಾಯಿಯನ್ನು ಆಗಸ್ಟಿನಲ್ಲೇ ಬೀಜಕ್ಕೆ ಬಿಟ್ಟು ಕೆಂಪು ದಾರ ಕಟ್ಟಿದ್ದೆ. ಅಕ್ಟೋಬರ್ ಮಳೆ ಶುರುವಾಗುವ ಮುಂಚೆ ಆ ಗಿಡಗಳನ್ನು ಬುಡಸಮೇತ ಕತ್ತರಿಸಿ ತಂದು ಗ್ಯಾರೇಜಿನಲ್ಲಿ, ನೀರು ಕಾಯಿಸುವ ಟ್ಯಾಂಕಿನ ಪಕ್ಕ ತಲೆಕೆಳಗಾಗಿ ತೂಗುಹಾಕಿದೆ. ಅಟ್ಟದ ಹೊಗೆ ಇಲ್ಲಿಲ್ಲ, ಇದ್ದ ಬೆಚ್ಚಗಿನ ಜಾಗ ಅದೊಂದೇ. ನವೆಂಬರಿನಲ್ಲಿ ಏಣುಗಳು ಒಣಗಿ ಬಾಯಿ ಬಿಟ್ಟವು. ಮಗಳು ತಟ್ಟೆಯ ಮೇಲೆ ಕೊಡವಿ ಎಣಿಸಿದಳು, 97 ಬೀಜ, ಬೂದು ಹಸಿರಿನ ಗುಂಡು ಕಾಳುಗಳು. ಅರ್ಧ ಅಜ್ಜಿಗೆ ಕೊಟ್ಟೆ. ಉಳಿದರ್ಧ ಫ್ರಿಜ್ಜಿನ ಮೇಲಿನ ಡಬ್ಬದಲ್ಲಿ ಕಾಗದದ ಲಕೋಟೆಯೊಳಗಿದೆ. ಲಕೋಟೆಯ ಮೇಲೆ ಬರೆದಿಟ್ಟಿದ್ದೇನೆ: ಮೇ 8 ನೆನೆಹಾಕುವುದು, ರೋಹಿಣಿ ಮುಗಿದ ಮೇಲೆ ನೆಡುವುದು.